ಬಂದೆ ಎಂದರೆ ಎಷ್ಟು ಹೊತ್ತು

ದೊಡ್ಡಬಳ್ಳಾಪುರ
೪-೭-೧೯೭೧

ಮುನಿರಾಮಯ್ಯನಿಗೆ,

ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಸಮಾಚಾರ ಇರಬೇಕು ಎಂದು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೇಳಿಕೊಡುವವಳು ನಾನೇ. ಇವತ್ತು ಬರೆಯುವುದಿಲ್ಲ. ಇಲ್ಲಿ ಕ್ಷೇಮವಾಗಿರುವವರು ಯಾರೂ ಇಲ್ಲ. ಅಲ್ಲಿ ನಿನ್ನ ರೇಷ್ಮೆ ಹುಳುಗಳು ಕ್ಷೇಮವಾಗಿಯೇ ಇರುತ್ತವೆ, ಅವನ್ನು ನೋಡಿಕೊಳ್ಳಲು ನೀನಿದ್ದೀಯೆ.

ಅಮ್ಮನನ್ನು ಸಾಸಲಿಗೆ ಕಳಿಸಿಕೊಡು ಎಂದು ಕೊಂಡಪ್ಪನ ಕೈಲಿ ಹೇಳಿಕಳಿಸಿದ್ದೀಯೆ. ಕಳಿಸುವುದಿಲ್ಲ. ಲಕ್ವ ಹೊಡೆದು, ಬಲಗೈ ಬಲಗಾಲು ಸ್ವಾಧೀನ ತಪ್ಪಿ, ಮಾತು ಬಿದ್ದುಹೋಗಿ ಮಲಗಿರುವ ಹೆಂಗಸನ್ನು ಯಾರ ಭರವಸೆಯ ಮೇಲೆ ಕಳಿಸಲಿ? ಕರೆದರೆ ಬರುವವರು ಆ ಮನೆಯಲ್ಲಿ ಯಾರಿದ್ದಾರೆ?

ಅವತ್ತು ನಾನು ಅಲ್ಲಿರಲಿಲ್ಲ, ನಿಜ. ಆದರೆ ಗೂಡು ಕೊಳ್ಳುವ ಲಾಲ್ ಸಾಬರ ಜೀಪಿನಲ್ಲಿ ನೀನು ಅವಳನ್ನು ಇಲ್ಲಿನ ಆಸ್ಪತ್ರೆಗೆ ತಂದಾಗ ನಾನಿದ್ದೆ. ಡಾಕ್ಟರು ಅಮ್ಮನ ಕಣ್ಣಿನ ರೆಪ್ಪೆ ಎತ್ತಿ ನೋಡಿ, ನೀವು ನೋಡುವ ಮೊದಲು ಎಷ್ಟು ಹೊತ್ತು ಹಾಗೇ ಬಿದ್ದಿದ್ದರು ಎಂದು ಕೇಳಿದರು. ನೀನು, "ಹೊತ್ತೇನೂ ಇಲ್ಲ ಸ್ವಾಮಿ, ಈಗ್ತಾನೇ ಅಂತ ಇಟ್ಕೊಳ್ಳಿ" ಅಂದೆ. ಅವರು ಹಾಗೆಯೇ ಬರೆದುಕೊಂಡರು. ನಾನೂ ನಂಬಿದೆ.

ಆಮೇಲೆ ಅವಳ ಹಸಿರು ಸೀರೆ, ಕಂಬಳಿ ತರಲು ಊರಿಗೆ ಹೋದೆನಲ್ಲ, ಆಗ ಕಂಡೆ. ಮುದ್ದೆಗೆಂದು ಎಸರಿಟ್ಟ ಪಾತ್ರೆ ಇನ್ನೂ ಒಲೆಯ ಪಕ್ಕದಲ್ಲೇ ಇತ್ತು. ನೀರೆಲ್ಲ ಬತ್ತಿ, ಮೇಲೆ ಹಾಕಿದ್ದ ಹಿಟ್ಟು ಸೀದು, ತಳ ಇದ್ದಲಿನ ಹಾಗೆ ಕಪ್ಪಾಗಿತ್ತು. "ಈಗ್ತಾನೇ" ಎನ್ನುವಷ್ಟರಲ್ಲಿ ಒಂದು ಪಾತ್ರೆ ನೀರು ಬತ್ತುತ್ತದೆಯೇ? ಗೋಡೆಯಾಚೆಯ ಲಕ್ಕಮ್ಮ ನನ್ನನ್ನು ಹಿತ್ತಲಿಗೆ ಕರೆದು ಉಳಿದದ್ದನ್ನು ಹೇಳಿದಳು. ಅಮ್ಮ ಅಡುಗೆ ಮನೆಯಿಂದ, "ಮುನಿರಾಮಾ, ಕೈ ಯಾಕೋ ಜೋಮು ಹಿಡ್ದಂಗೈತೆ, ಒಸಿ ಬಾರಪ್ಪ" ಎಂದು ಕೂಗಿದಳಂತೆ. ನೀನು ಹುಳುವಿನ ಮನೆಯೊಳಗಿಂದ "ಬಂದೆ" ಎಂದೆಯಂತೆ. ಸ್ವಲ್ಪ ಹೊತ್ತಿಗೆ ಬರೀ ನಿನ್ನ ಹೆಸರನ್ನು ಕೂಗಿದಳಂತೆ. ಮತ್ತೆ "ಬಂದೆ". ಮೂರನೇ ಸಲ ಅವಳು ಕೂಗಲಿಲ್ಲ.

ಎರಡು ಸಲ ಬಂದೆ ಎಂದವನು ಒಂದು ಸಲವೂ ಬರಲಿಲ್ಲ. ವ್ಯಾಕರಣದಲ್ಲಿ ಬಂದೆ ಎನ್ನುವುದು ಭೂತಕಾಲ ಕಣೋ. ಆಗಿಹೋದ ಕೆಲಸಕ್ಕೆ ಹೇಳುವ ಮಾತು. ಕುಕ್ಕರುಗಾಲಿನಲ್ಲಿ ಕೂತಲ್ಲೇ ಕೂತು ಬಂದೆ ಎನ್ನುವ ಭಾಷೆ ನಮ್ಮದೊಂದೇ ಇರಬೇಕು, ಅದರಲ್ಲಿ ನಿನ್ನಂಥವನು ಒಬ್ಬನೇ ಇರಬೇಕು. ಎಷ್ಟು ಹೊತ್ತು? ಇದೊಂದಕ್ಕೆ ಉತ್ತರ ಬರೆ.

ಇಂತಿ ನಿನ್ನ ಅಕ್ಕ, ಬೇಡವೆಂದರೂ ಅಕ್ಕ,
ಅನುಸೂಯಮ್ಮ

*

ಸಾಸಲು
೧೨-೭-೧೯೭೧

ಅಕ್ಕನಿಗೆ ಮುನಿರಾಮಯ್ಯ ಮಾಡುವ ನಮಸ್ಕಾರ.

ನೀನು ಕ್ಷೇಮ ಬರೆಯದಿದ್ದರೂ ನಾನು ಕೇಳುತ್ತೇನೆ, ಅಮ್ಮ ಹೇಗಿದ್ದಾಳೆ? ಕಾಗದದ ತುಂಬ ನನ್ನನ್ನು ಬೈದಿದ್ದೀಯೆ, ಅವಳು ಗಂಜಿ ಕುಡಿದಳೋ ಇಲ್ಲವೋ ಒಂದು ಸಾಲು ಬರೆದಿಲ್ಲ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಮಣ್ಣು ಹೊತ್ತವನು, ನನಗೆ ಭೂತಕಾಲ ಭವಿಷ್ಯತ್ ಕಾಲ ಗೊತ್ತಿಲ್ಲ. ಹುಳು ಹಣ್ಣಾಗುವುದು ಗೊತ್ತು. ಅವತ್ತು ಬೆಳಗ್ಗೆಯಿಂದ ಹಣ್ಣಾಗಲು ಶುರುವಾಗಿದ್ದವು. ಹಣ್ಣು ಹುಳುವಿನ ಮೈ ತಿಳಿಯಾಗಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅಂಥವನ್ನು ಒಂದೊಂದಾಗಿ ಕಣ್ಣಿನಿಂದ ಹುಡುಕಿ, ಕೈಯಿಂದ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಕಕ್ಕಿ ಹಾಳಾಗುತ್ತವೆ. ಉಳಿದವು ಇನ್ನೂ ಸೊಪ್ಪು ತಿನ್ನುತ್ತಿದ್ದವು. ಆ ಸದ್ದಿನ ನಡುವೆ, ಕಣ್ಣು ತಟ್ಟೆಯಲ್ಲಿ ನೆಟ್ಟಿರುವಾಗ ಬೇರೆ ಮಾತು ಕಿವಿಯ ಹೊರಗೇ ನಿಂತಿರುತ್ತದೆ. ನರಸಮ್ಮ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ನಾನೊಬ್ಬನೇ.

ಅಮ್ಮ ಕೂಗಿದ್ದು ಕೇಳಿತು. ಒಂದು ಸಲ ಕೇಳಿತು. ಕೈ ಜೋಮು ಅಂದಳು. ಸೊಪ್ಪು ಹೆಚ್ಚಿ ಹೆಚ್ಚಿ ಆ ಮನೆಯಲ್ಲಿ ಯಾರ ಕೈ ಜೋಮು ಹಿಡಿದಿಲ್ಲ ಹೇಳು. ಬಂದೆ ಅಂದೆ. ಎರಡನೇ ಸಲ ಅಂದೆನೋ ಇಲ್ಲವೋ ನನಗೆ ನೆನಪೇ ಇಲ್ಲ. ಬಾಯಿ ತಾನಾಗಿ ಅಂದಿರಬಹುದು. ಕೈಲಿದ್ದ ಒಂದು ತಟ್ಟೆ ಮುಗಿಸಿದೆ, ಅಷ್ಟೇ. ಸೀದ ವಾಸನೆ ಬಂದಾಗ ತಟ್ಟೆ ಬಿಸಾಕಿ ಓಡಿದೆ. ಅವಳು ಒಲೆಯ ಮುಂದೆ ಮಗ್ಗುಲಾಗಿ ಬಿದ್ದಿದ್ದಳು. ಕಣ್ಣು ಬಿಟ್ಟಿದ್ದಳು.

ಲಕ್ಕಮ್ಮ ಹೇಳಿದ ಲೆಕ್ಕ ಬೇಡ. ಅವಳು ಮಜ್ಜಿಗೆಗೆ ಬೋಸಿ ಹಿಡಿದು ಗೋಡೆಯಾಚೆ ನಿಂತಿದ್ದಳು. ಕಾಯುವವರಿಗೆ ಕಣ್ಣು ಮಿಟುಕಿಸಿದರೂ ಅರ್ಧ ದಿನ. ಮುಂದಿನ ಜಗಲಿಯಲ್ಲಿ ಹುಳು ನೋಡಲು ವಿಜಯಪುರದಿಂದ ಬಂದಿದ್ದ ಲಾಲ್ ಸಾಬರು ಕೂತಿದ್ದರು, ಅವರನ್ನು ಕೇಳು. ಹಚ್ಚಿದ ಬೀಡಿ ಮುಗಿದಿರಲಿಲ್ಲ ಎನ್ನುತ್ತಾರೆ. ನಾನು ಡಾಕ್ಟರಿಗೆ ಸುಳ್ಳು ಹೇಳಲಿಲ್ಲ. ನನ್ನ ಪಾಲಿಗೆ ಅದು ಈಗ್ತಾನೇ.

ನನಗೂ ಸಿಟ್ಟು ಬರುತ್ತದೆ ಅಕ್ಕಾ. ಆಸ್ಪತ್ರೆಯ ಬಾಗಿಲಲ್ಲಿ, ಊರಿನ ನಾಲ್ಕು ಜನ ನಿಂತಿರುವಾಗ, ನನ್ನನ್ನು ಒಂದು ಮಾತು ಕೇಳದೆ ಅವಳನ್ನು ನಿಮ್ಮ ಮನೆಗೆ ಹೊರಡಿಸಿದೆ. ನಾನು ಕೈ ಮುಂದೆ ಮಾಡಿದರೆ "ಮುಟ್ಬೇಡ" ಅಂದೆ. ನನ್ನ ತಾಯಿಯನ್ನು ಮುಟ್ಟಬೇಡ ಎಂದು ನನಗೆ ಹೇಳಿದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಜ್ಞಾಪಕ ಇಟ್ಟುಕೋ. ಅವಳು ಮೂವತ್ತು ವರ್ಷ ಬಾಳಿದ ಮನೆ ಇದು. ಕಳಿಸಿಕೊಡು.

ನಿನ್ನ ತಮ್ಮ,
ಮುನಿರಾಮಯ್ಯ

*

ದೊಡ್ಡಬಳ್ಳಾಪುರ
೨೫-೭-೧೯೭೧

ಮುನಿರಾಮಯ್ಯನಿಗೆ,

ಅಮ್ಮ ಗಂಜಿ ಕುಡಿಯುತ್ತಿದ್ದಾಳೆ. ಎಡಗೈ ಊರಿ ಎದ್ದು ಕೂರುತ್ತಾಳೆ, ಗೋಡೆ ಹಿಡಿದು ಎರಡು ಹೆಜ್ಜೆ ಇಡುತ್ತಾಳೆ. ನಾನು ಶಾಲೆಗೆ ಹೋದಾಗ ಪಕ್ಕದ ಮನೆಯ ಜೈಬುನ್ನೀಸಾ ಬಂದು ಜೊತೆಗೆ ಕೂರುತ್ತಾಳೆ. ಬೇಕಾಗಿತ್ತಲ್ಲ, ಬರೆದಿದ್ದೇನೆ. ಈಗ ನನ್ನ ಮಾತು ಕೇಳು.

ಆ ಪಾತ್ರೆಯನ್ನು ನಾನು ತಂದಿದ್ದೇನೆ, ನಿನಗೆ ಗೊತ್ತಿರಲಿಕ್ಕಿಲ್ಲ. ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿದೆ, ಪೂರ್ತಿ ಬಿಡಲಿಲ್ಲ. ಇವತ್ತು ಭಾನುವಾರ. ನಿನ್ನ ಭಾವ ಸಂತೆಗೆ ಹೋದ ಮೇಲೆ ಅದರಲ್ಲಿ ಅಮ್ಮ ಇಡುವಷ್ಟೇ ನೀರಿಟ್ಟು, ಮೇಲೆ ಹಿಡಿ ಹಿಟ್ಟು ಹಾಕಿ, ಸೌದೆ ಒಲೆಯ ಮೇಲಿಟ್ಟೆ. ಮುಂದೆ ಮಣೆ ಹಾಕಿಕೊಂಡು ಕೂತೆ. ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡೆ. ಲಕ್ಕಮ್ಮನೂ ಬೇಡ, ನಿನ್ನ ಲಾಲ್ ಸಾಬರ ಬೀಡಿಯೂ ಬೇಡ, ಪಾತ್ರೆಯೇ ಹೇಳಲಿ ಎಂದು.

ಮೊದಲು ತಳದಲ್ಲಿ ಸಾಸಿವೆಯಂಥ ಗುಳ್ಳೆಗಳು ಎದ್ದವು. ಆಮೇಲೆ ಹಿಟ್ಟು ಉಬ್ಬಿ ಬಾಯಿ ಬಿಟ್ಟಿತು. ಆಮೇಲೆ ಬರೀ ಕೊತಕೊತ. ನೀರು ಇಳಿಯುವುದೇ ಕಾಣುವುದಿಲ್ಲ. ಪಾತ್ರೆ ಕೆಟ್ಟಿದೆಯೋ ಗಡಿಯಾರ ನಿಂತಿದೆಯೋ ಎನಿಸಿ ಕಿವಿಗೆ ಹಿಡಿದು ನೋಡಿದೆ, ಓಡುತ್ತಿತ್ತು. ಹೊಗೆ ಕಣ್ಣಿಗೆ ಬಂತು, ಮಂಡಿ ಹಿಡಿದುಕೊಂಡಿತು, ಬೆನ್ನಿನ ಮೇಲೆ ಬೆವರು ಒಂದೊಂದೇ ಹನಿಯಾಗಿ ಇಳಿಯುವುದು ಗೊತ್ತಾಗುತ್ತಿತ್ತು. ಕಡೆಗೆ ಸೀದ ವಾಸನೆ ಬಂದಾಗ ಗಡಿಯಾರದ ಲೆಕ್ಕದಲ್ಲಿ ಒಂದು ಗಂಟೆಗೂ ಸ್ವಲ್ಪ ಕಮ್ಮಿ ಹೊತ್ತಾಗಿತ್ತು. ಅಷ್ಟರಲ್ಲಿ ನಾನು ಎರಡು ಸಲ ಮುದುಕಿಯಾಗಿದ್ದೆ.

ಮೈಯಲ್ಲಿ ಶಕ್ತಿಯಿದ್ದು, ಬೇಕೆಂದರೆ ಎದ್ದು ಹೋಗಬಲ್ಲ ನನಗೆ ಹೀಗೆ. ಅರ್ಧ ಮೈ ಸತ್ತು ನೆಲದಲ್ಲಿ ಬಿದ್ದವಳಿಗೆ ಎಷ್ಟಾಗಿರಬೇಕು? ಇದನ್ನು ನೀನು ಒಂದು ತಟ್ಟೆ ಎನ್ನುತ್ತೀಯೆ. ನಿನಗೆ ನಾಚಿಕೆಯಾಗಬೇಕು.

ಇನ್ನೊಂದು ವಿಷಯ. ಹೇಳಬಾರದು ಎಂದುಕೊಂಡಿದ್ದೆ. ಅಮ್ಮನಿಗೆ ಮಾತು ಬಂದಿದೆ. ಒಂದೇ ಮಾತು. ಮೊನ್ನೆ ಮಧ್ಯಾಹ್ನ ಗೋಡೆ ಕಡೆ ತಿರುಗಿ ಮಲಗಿದ್ದವಳು ಸ್ಪಷ್ಟವಾಗಿ "ಬಂದೆ" ಎಂದಳು. ಶಾಲೆಯಿಂದ ಆಗಷ್ಟೇ ಬಂದಿದ್ದ ನಾನು ಸೀಮೆಸುಣ್ಣದ ಕೈಯಲ್ಲೇ ಓಡಿದೆ. ಅಮ್ಮಾ ಅಂದರೆ ಬಂದೆ, ನೀರು ಬೇಕಾ ಅಂದರೆ ಬಂದೆ. ನನ್ನ ಹೆಸರು ಬರುವುದಿಲ್ಲ, ದೇವರ ಹೆಸರು ಬರುವುದಿಲ್ಲ. ಬುದ್ಧಿ ಕತ್ತಲಾಗುವ ಮುಂಚೆ ಕಡೆಯದಾಗಿ ಕಿವಿಗೆ ಬಿದ್ದ ನಿನ್ನ ಮಾತು ಅವಳ ಬಾಯಲ್ಲಿ ಮೊಳೆ ಹೊಡೆದ ಹಾಗೆ ಕೂತಿದೆ. ದಿನವೆಲ್ಲ ನಿನ್ನ ಮೇಲೆ ದೂರು ಹೇಳುತ್ತಿದ್ದಾಳೆ. ಕೇಳುವ ಶಿಕ್ಷೆ ನನಗೆ.

ಅನುಸೂಯಮ್ಮ

*

ಸಾಸಲು
೧೯-೮-೧೯೭೧

ಅಕ್ಕನಿಗೆ,

ನಿನ್ನ ಪಾತ್ರೆಯ ಕಾಗದ ಓದಿ ಹರಿದು ಹಾಕಿದೆ. ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಅದಕ್ಕೇ. ಬರೆದಿದ್ದರೆ ಬಾಯಿಗೆ ಬಂದದ್ದೆಲ್ಲ ಬರೆದುಬಿಡುತ್ತಿದ್ದೆ.

ಎದುರಿಗೆ ಕೂತು ಕಾವಲು ಕಾದರೆ ಯಾವ ನೀರು ಬೇಗ ಬತ್ತುತ್ತದೆ? ನೀನು ಪಾತ್ರೆ ನೋಡಿದೆ, ನಾನು ಹುಳು ನೋಡಿದೆ. ನಿನಗೆ ಒಂದು ಗಂಟೆ ಒಂದು ಜನ್ಮವಾಯಿತು, ನನಗೆ ಒಂದು ಗಂಟೆ ಒಂದು ತಟ್ಟೆಯಾಯಿತು. ಇದರಲ್ಲಿ ಕಳ್ಳ ಯಾರು? ನನ್ನ ತಪ್ಪಿಲ್ಲ ಎಂದು ಹೇಳುತ್ತಿಲ್ಲ. ಸುಳ್ಳುಗಾರ ಎನ್ನಬೇಡ, ಅಷ್ಟೇ.

ಆ ಮಾತಿನ ವಿಷಯ. ಬಂದೆ ಎನ್ನುವುದು ನನ್ನ ಮಾತಲ್ಲ ಅಕ್ಕಾ. ಅಮ್ಮನದು. ನಾನು ಅವಳಿಂದ ಕಲಿತದ್ದು. ಇಷ್ಟು ಓದಿದವಳಿಗೆ ಇದು ಹೇಗೆ ಮರೆಯಿತು? ಅಪ್ಪ ಹೊಲದ ಕಡೆಯಿಂದ ಕೂಗಿದರೆ ಬಂದೆ, ಕರು ಕೂಗಿದರೆ ಬಂದೆ, ಬಾಗಿಲಲ್ಲಿ ಭಿಕ್ಷದವರು ನಿಂತರೆ ಬಂದೆ. ನಿನಗೆ ದಡಾರ ಎದ್ದು ನಡುಮನೆಯಲ್ಲಿ ಬೇವಿನಸೊಪ್ಪು ಹಾಸಿ ಮಲಗಿಸಿದ್ದಾಗ, ನೀನು ಕೂಗಿದಾಗೆಲ್ಲ ಹುಳುವಿನ ಮನೆಯಿಂದ ಬಂದೆ ಬಂದೆ ಅನ್ನುತ್ತಲೇ ಇದ್ದಳಂತೆ. ಅವಳೇ ಹೇಳಿಕೊಂಡು ನಗುತ್ತಿದ್ದಳು. ನೀನು ವಾಸಿಯಾದ ಮೇಲೆ ಅವಳನ್ನು ಅಣಕಿಸಲು ಮೂಲೆಯಲ್ಲಿ ಕೂತು ಬಂದೆ ಬಂದೆ ಎನ್ನುತ್ತಿದ್ದೆಯಂತೆ.

ಒಂದು ಕೇಳುತ್ತೇನೆ. ಅವಳು ಆ ಮಾತನ್ನು ಯಾವಾಗ ಅನ್ನುತ್ತಾಳೆ, ಯಾವಾಗ ಅನ್ನುವುದಿಲ್ಲ, ಗಮನವಿಟ್ಟು ಕೇಳಿದ್ದೀಯಾ? ನಿಮ್ಮ ಮನೆಗೆ ಮೇಲೆ ತಗಡು. ಅದರ ಮೇಲೆ ಜಡಿಮಳೆ ಬಿದ್ದರೆ ಹೇಗೆ ಕೇಳುತ್ತದೆ, ಕಣ್ಣು ಮುಚ್ಚಿಕೊಂಡು ಕೇಳು. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವಲ್ಲ, ನಾಲ್ಕನೇ ಜ್ವರದಿಂದ ಎದ್ದ ಹುಳು ಹಸಿದು ಸೊಪ್ಪು ತಿನ್ನುವ ಸದ್ದು ಥೇಟ್ ಅದೇ. ಚಿಕ್ಕವನಾಗಿದ್ದಾಗ ನಾನು ಎಷ್ಟೋ ಸಲ ಮಳೆ ಬಂತು ಎಂದು ಎದ್ದು ಕೂತಿದ್ದೇನೆ. ಅವಳು ನನ್ನ ಮೇಲೆ ದೂರು ಹೇಳುತ್ತಿಲ್ಲ. ಹುಳು ಕರೆಯುತ್ತಿವೆ ಎಂದುಕೊಂಡು ಓಗೊಡುತ್ತಿದ್ದಾಳೆ. ಅವಳಿಗೆ ಅಲ್ಲಿ ಏನು ಕೆಲಸ? ಕಳಿಸಿಕೊಡು.

ಮುನಿರಾಮಯ್ಯ

*

ದೊಡ್ಡಬಳ್ಳಾಪುರ
೪-೯-೧೯೭೧, ಶನಿವಾರ

ಮುನಿರಾಮಯ್ಯನಿಗೆ,

ಮಳೆಯಂತೆ, ಹುಳುವಂತೆ. ಮಾಡುವುದೆಲ್ಲ ಮಾಡಿ ಈಗ ಕಥೆ ಕಟ್ಟುತ್ತೀಯೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಿದೆ ನಿನ್ನ ಗಮನ. ಈ ಬೀದಿಯಲ್ಲಿ ಹಗಲೂ ರಾತ್ರಿ ವಿದ್ಯುತ್ ಮಗ್ಗ ಬಡಿಯುತ್ತವೆ. ಆ ಸದ್ದು ನಿಂತರೆ ಮಾತ್ರ ನಮಗೆ ಎಚ್ಚರ. ಈ ಗಲಾಟೆಯಲ್ಲಿ ಅವಳಿಗೆ ಹುಳು ಕೇಳಿಸುತ್ತದೆಯೇ? ಜೈಬುನ್ನೀಸಾ ಕೂಡ ಒಂದು ದಿನ, "ಮಳೆ ಬಂದ್ರೆ ಅಮ್ಮಾಜಾನ್‌ಗೆ ಕೂತ್ಕೊಳ್ಳೋಕೇ ಆಗಲ್ಲ ಮೇಡಂ" ಎಂದಿದ್ದಳು. ಕೀಲುನೋವು ಇರಬೇಕು ಎಂದು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅವಳೂ ನೀನೂ ಮಾತಾಡಿಕೊಂಡ ಹಾಗಿದೆ.

ಇವತ್ತು ಅರ್ಧ ದಿನ ಶಾಲೆ. ಹಾಲು ಒಲೆಯ ಮೇಲಿಟ್ಟು ಇದನ್ನು ಬರೆಯಲು ಕೂತಿದ್ದೇನೆ. ಇದೋ ನೋಡು, ತಗಡಿನ ಮೇಲೆ ಮಳೆ ಶುರುವಾಯಿತು. ಅಮ್ಮ ಒಳಗಿಂದ ಬಂದೆ ಎನ್ನುತ್ತಿದ್ದಾಳೆ. ನಾನೂ ಬಂದೆ ಅಮ್ಮಾ ಎಂದಿದ್ದೇನೆ. ಈ ಒಂದು ಸಾಲು ಮುಗಿಸಿ ಏಳುತ್ತೇನೆ.

ದಡಾರದ ವಿಷಯ ಬರೆದಿದ್ದೀಯಲ್ಲ, ನೀನು ಆಗ ಇನ್ನೂ ಅವಳ ಕಂಕುಳಲ್ಲಿದ್ದೆ, ನಿನಗೇನು ಗೊತ್ತು? ನನಗೆ ಮರೆತಿಲ್ಲ. ಒಂದು ದಿನವೂ ಮರೆತಿಲ್ಲ. ಕಣ್ಣು ಬಿಟ್ಟರೆ ಬೆಳಕು ಚುಚ್ಚುತ್ತಿತ್ತು, ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತಿತ್ತು. ನೀರು ಎಂದು ಕೂಗಿದೆ. ಬಂದೆ ಅಂದಳು. ಗೋಡೆಯ ಮೇಲೆ ಇರುವೆ ಸಾಲು ಹೋಗುತ್ತಿತ್ತು. ಈ ಇರುವೆ ಗೂಡಿನ ಹತ್ತಿರ ಹೋಗುವಷ್ಟರಲ್ಲಿ ಬರುತ್ತಾಳೆ ಎಂದುಕೊಂಡೆ. ಇರುವೆ ಹೋಯಿತು. ಅದರ ಹಿಂದಿನದು ಹೋಯಿತು. ಬೇವಿನ ವಾಸನೆ ಮೂಗಿಗೆ ಹತ್ತಿ, ಇವತ್ತಿಗೂ ಯುಗಾದಿ ದಿನ ಬೇವು ಬಾಯಿಗಿಟ್ಟರೆ ನನಗೆ ಬಾಯಾರಿಕೆಯಾಗುತ್ತದೆ. ಅವಳು ಬಂದಳು, ಇಲ್ಲವೆನ್ನುವುದಿಲ್ಲ. ಹುಳುವಿಗೆ ಸೊಪ್ಪು ಹಾಕಿ, ನಿನಗೆ ಹಾಲು ಕುಡಿಸಿ ಬಂದಳು. ಬಂದು, "ಈಗ್ತಾನೇ ಕರೆದ್ಯಲ್ಲವ್ವಾ" ಅಂದಳು.

ಮತ್ತೆ ಕರೆಯುತ್ತಿದ್ದಾಳೆ. ಬಂದೆ ಎಂದಿದ್ದೇನೆ.

ನಾನು ಅಣಕಿಸಿದೆನಂತೆ. ಅದು ಅಣಕವಲ್ಲ ಕಣೋ. ಕರೆದರೆ ಬರದವಳ ಬದಲು ನನ್ನನ್ನು ನಾನೇ ಕರೆದುಕೊಂಡು, ನಾನೇ ಬಂದೆ ಎಂದುಕೊಳ್ಳುತ್ತಿದ್ದೆ. ಆ ಹುಳುವಿನ ಮನೆ ನನ್ನ ತಾಯಿಯ ಕಿವಿಯನ್ನು ಸೊಪ್ಪಿನ ಜೊತೆ ತಿಂದುಹಾಕಿತು. ನಾನು ಓದಿ ಊರು ಬಿಟ್ಟದ್ದು ಓದಿನ ಆಸೆಗಲ್ಲ, ಆ ಸದ್ದು ಕೇಳದ ಕಡೆ ಇರಬೇಕು ಎಂದು. ಈ ವಯಸ್ಸಿನಲ್ಲಿ, ಅವಳು ಮಾತು ಕಳೆದುಕೊಂಡ ಮೇಲೆ, ನನಗೆ ಸಿಕ್ಕಿದ್ದಾಳೆ. ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ ಇದ್ದಾಳೆ. ಈಗಲೂ ಅವಳು ಹುಳುವಿಗೆ ಓಗೊಡುತ್ತಿದ್ದಾಳೆ ಎನ್ನುತ್ತೀಯೆ. ಅದಕ್ಕಿಂತ ನಿನ್ನ ಮೇಲೆ ದೂರು ಹೇಳುತ್ತಿದ್ದಾಳೆ ಎಂದುಕೊಳ್ಳುವುದೇ ನನಗೆ ಮೇಲು. ಕಳಿಸುವುದಿಲ್ಲ. ನೀನು ತಲೆಕೆಳಗಾಗಿ ನಿಂತರೂ ಕಳಿಸುವುದಿಲ್ಲ. ಕರೆದ ಕೂಡಲೇ ಬರುವುದು ಎಂದರೆ ಏನೆಂದು ನಾನು ಅವಳಿಗೆ ತೋರಿಸುತ್ತೇನೆ, ಮೂರು ತಿಂಗಳಿಂದ ತೋರಿಸುತ್ತಿದ್ದೇನೆ, ಒಂದು ದಿನ ಒಂದು ಸಲ ಕೂಡ ನಾನು ಅವಳನ್ನು

ಏನೋ ಸೀದ ವಾಸನೆ. ಹಾಲು

*

ದೊಡ್ಡಬಳ್ಳಾಪುರ
೧೪-೯-೧೯೭೧

ಮುನಿರಾಮಾ,

ಇದರ ಜೊತೆ ಇಟ್ಟಿರುವ ಹಾಳೆ ನಾಲ್ಕನೇ ತಾರೀಕು ಶನಿವಾರದ್ದು. ಸಹಿ ಇಲ್ಲ. ಒಲೆಗೆ ಹಾಕಲು ಹೋದೆ, ಆಮೇಲೆ ನಿನಗೆ ಸೇರಬೇಕಾದದ್ದು ಎನಿಸಿತು. ಹರಿಯಬೇಡ. ಮಳೆ ಶುರುವಾಯಿತು ಎಂದು ಬರೆದ ಮೇಲೆ, ಬಂದೆ ಎಂದ ಮೇಲೆ, ಎಷ್ಟು ಸಾಲು ಬರೆದಿದ್ದೇನೆ ನೀನೇ ನೋಡು. ಬರೆಯುವಾಗ ನನಗೆ ಅದು ಒಂದೇ ಸಾಲು.

ಹಾಲಿನ ಪಾತ್ರೆ ಇಳಿಸಿ ಒಳಗೆ ಹೋದರೆ ಅಮ್ಮ ಮಂಚದಲ್ಲಿರಲಿಲ್ಲ. ಹಿತ್ತಲ ಬಾಗಿಲು ತೆಗೆದಿತ್ತು. ಹೇಗೆ ಹೋದಳೋ, ಗೋಡೆ ಹಿಡಿದು ಹೋದಳೋ ತೆವಳಿದಳೋ, ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಮಳೆಯಲ್ಲಿ ಕೂತಿದ್ದಳು. ಗಾಳಿಗೆ ಉದುರಿದ ನುಗ್ಗೆಸೊಪ್ಪನ್ನು ಎಡಗೈಯಿಂದ ಬಾಚಿ ಬಾಚಿ ಆ ಕಲ್ಲಿನ ಮೇಲೆ ಹರಡುತ್ತಿದ್ದಳು. ಎಲ್ಲೂ ದಪ್ಪವಾಗದಂತೆ, ಎಲ್ಲೂ ಬರಿದಾಗದಂತೆ. ತಟ್ಟೆಗೆ ಸೊಪ್ಪು ಹಾಕುವ ಹಾಗೆಯೇ. ಹಸಿರು ಸೀರೆ ಮೈಗೆ ಅಂಟಿಕೊಂಡು, ತುಟಿ ನೀಲಿಯಾಗಿ, ಚಳಿಗೆ ಹಲ್ಲು ಕಡಿಯುತ್ತಿದ್ದಳು. ಕಲ್ಲು ಪೂರ್ತಿ ತುಂಬಿತ್ತು. ಒಂದು ಕೈಯಲ್ಲಿ ಅಷ್ಟು ಹರಡಲು ಎಷ್ಟು ಹೊತ್ತು ಬೇಕು ಎಂದು ನಿನಗೆ ಗೊತ್ತಿರುತ್ತದೆ.

ನಾನು ಕಿರುಚಿಕೊಂಡೆ. ಅವಳು ತಿರುಗಿ ನೋಡಿ, ಕರೆದದ್ದಕ್ಕೆ ಬೇಜಾರಾದವಳ ಹಾಗೆ "ಬಂದೆ" ಅಂದಳು. ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಅವಳ ಪಾಲಿಗೆ ಅವಳು ಈಗಷ್ಟೇ ಎದ್ದು ಬಂದಿದ್ದಳು.

ಕೂಗು ಕೇಳಿ ಜೈಬುನ್ನೀಸಾ ಓಡಿ ಬಂದಳು. ಇಬ್ಬರೂ ಹಿಡಿದು ಒಳಗೆ ತಂದು, ಮೈ ಒರೆಸಿ, ಕಾಲಿಗೆ ಬೆಚ್ಚಗೆ ಬೂದಿ ತಿಕ್ಕಿದೆವು. "ಎಷ್ಟು ಹೊತ್ತಾಯ್ತು ಮೇಡಂ ಆಚೆ ಹೋಗಿ?" ಎಂದು ಅವಳು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ನನ್ನ ಬಾಯಿಂದ ಬಂದದ್ದು ಏನು ಗೊತ್ತೇ? "ಈಗ್ತಾನೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮೇಲೆ ನಾನು ಅಲ್ಲೇ ಗೋಡೆಗೆ ಒರಗಿ ಕೂತೆ. ಅವಳಿಗೆ ನಾಲ್ಕು ದಿನ ಜ್ವರ ಸುಟ್ಟಿತು, ಈಗ ಬಿಟ್ಟಿದೆ, ಹೆದರಬೇಡ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ತಮ್ಮನಿಗೊಂದು ಕಾಲ ಅಕ್ಕನಿಗೊಂದು ಕಾಲ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಇದರಿಂದ ನಿನ್ನನ್ನು ಕ್ಷಮಿಸಿದೆ ಎಂದುಕೊಳ್ಳಬೇಡ. ಕ್ಷಮಿಸಿಲ್ಲ. ಬೈಯಲು ಇದ್ದ ಬಾಯಿ ಹೋಯಿತು, ಸಿಟ್ಟು ಹಾಗೇ ಇದೆ. ನಿನ್ನ ಮೇಲಿದೆ, ನನ್ನ ಮೇಲಿದೆ, ಅವಳ ಮೇಲೂ ಇದೆ. ಅಷ್ಟೂ ಸಿಟ್ಟನ್ನು ಹೊತ್ತುಕೊಂಡೇ ಅವಳನ್ನು ಕರೆದುಕೊಂಡು ಬರುತ್ತೇನೆ. ಅವಳು ನನ್ನ ಹಿತ್ತಲಲ್ಲಿ ಬರೀ ಕಲ್ಲಿಗೆ ಸೊಪ್ಪು ಹಾಕುವುದನ್ನು ಇನ್ನೊಂದು ಸಲ ನೋಡಲಾರೆ. ತಿನ್ನುವ ಬಾಯಿ ಇರುವ ಕಡೆ ಹಾಕಲಿ.

ಇಪ್ಪತ್ತಾರನೇ ತಾರೀಕು ಭಾನುವಾರ ಬರುತ್ತೇವೆ. ಯಾವ ಬಸ್ಸು ಎಂದು ಬರೆಯುವುದಿಲ್ಲ. ನೀನು ರಸ್ತೆಗೆ ಬಂದು ಕಾಯಬೇಕು. ಕೈಯಲ್ಲಿ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ, ಯಾರ ಜೊತೆಯೂ ಹರಟದೆ, ಸುಮ್ಮನೆ ಕಾಯಬೇಕು. ಆಮೇಲೆ ನನಗೆ ಹೇಳು, ಎಷ್ಟು ಹೊತ್ತು.

ನಿನ್ನ ಅಕ್ಕ,
ಅನುಸೂಯ

*

ಸಾಸಲು ಬಸ್ ಸ್ಟಾಪು
೨೬-೯-೧೯೭೧

ಅಕ್ಕಾ,

ಇದನ್ನು ಅಂಚೆಗೆ ಹಾಕುವುದಿಲ್ಲ, ನೀನು ಇಳಿದ ಮೇಲೆ ಕೈಗೆ ಕೊಡುತ್ತೇನೆ. ಕೈಯಲ್ಲಿ ಕೆಲಸ ಇರಬಾರದು ಎಂದಿದ್ದೆ. ಮೊದಲ ಎರಡು ಬಸ್ಸು ಹೋಗುವವರೆಗೆ ನೀನು ಹೇಳಿದ ಹಾಗೆಯೇ ಇದ್ದೆ. ತಡೆಯಲಾಗಲಿಲ್ಲ. ಅಂಗಡಿಯ ಆದಿನಾರಾಯಣಪ್ಪನ ಹತ್ತಿರ ಪೆನ್ಸಿಲು ಇಸಿದುಕೊಂಡು ನಿನ್ನ ಕಾಗದದ ಹಿಂದೆಯೇ ಬರೆಯುತ್ತಿದ್ದೇನೆ.

ಹುಳು ನಾಲ್ಕನೇ ಜ್ವರದಿಂದ ಎದ್ದಿವೆ. ವರ್ಷದಲ್ಲೇ ಇಂಥ ಬೆಳೆ ಬಂದಿಲ್ಲ. ಇವತ್ತು ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಗೂಡು ತೆಳುವಾಗುತ್ತದೆ. ಹುಳುವಿನ ಮನೆಯನ್ನು ಲಕ್ಕಮ್ಮನಿಗೆ ಒಪ್ಪಿಸಿ ಬಂದಿದ್ದೇನೆ. ಅವಳು ಹೇಗೆ ಹಾಕುತ್ತಿದ್ದಾಳೋ ಎಂದು ಮೊದಮೊದಲು ಅದೇ ಯೋಚನೆ ಇತ್ತು. ಆಮೇಲೆ ಅದೂ ಹೋಯಿತು. ಈಗ ಬರೀ ರಸ್ತೆ.

ಇಲ್ಲಿ ನಿಂತರೆ ಏನೇನು ಕೇಳುತ್ತದೆ ಗೊತ್ತೇ? ನನ್ನ ಕಿವಿ ಇಷ್ಟು ದೂರ ಹೋಗುತ್ತದೆಂದು ನನಗೇ ಗೊತ್ತಿರಲಿಲ್ಲ. ಏರಿಯ ಆಚೆ ಯಾವುದೋ ಪಂಪುಸೆಟ್ಟು ಹೊಡೆದರೆ ಬಸ್ಸು ಎನಿಸುತ್ತದೆ. ಹೊಂಗೆ ಮರದಲ್ಲಿ ಜೇನು ಗುಂಯ್ ಎಂದರೂ ಬಸ್ಸು. ಪ್ರತಿ ಸಲ ರಸ್ತೆಗಿಳಿದು ನೋಡಿ ಬರುತ್ತೇನೆ. ಕಾಲು ಮರಗಟ್ಟಿ ಮಧ್ಯಾಹ್ನ ಮೀರಿರಬೇಕು ಎಂದು ಗಂಟೆ ಕೇಳಿದೆ. ಆದಿನಾರಾಯಣಪ್ಪ ನಕ್ಕು, "ಇನ್ನೂ ಒಂಬತ್ತೂ ಹೊಡೆದಿಲ್ಲ, ಸುಮ್ನೆ ಕೂತ್ಕೋ ಗುರು" ಅಂದ. ಅವನ ಹಲ್ಲು ಉದುರಿಸಬೇಕು ಎನಿಸಿತು. ನಿನ್ನ ಮೇಲೂ ಸಿಟ್ಟು ಬಂತು. ಯಾವ ಬಸ್ಸು ಎಂದು ಒಂದು ಮಾತು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಆಮೇಲೆ ಒಂದು ವಿಷಯ ಹೊಳೆಯಿತು. ಬೆಳಗ್ಗೆ ಅಮ್ಮನಿಗೆಂದು ಅಡುಗೆ ಮನೆಯ ನೆಲ ನಾನೇ ಸಾರಿಸಿ ಬಂದೆ. ಒಲೆಯ ಮುಂದೆ ಅವಳು ಬಿದ್ದಿದ್ದ ಜಾಗ ಸಾರಿಸುವಾಗ ಸುಮ್ಮನೆ ತಲೆ ಎತ್ತಿದೆ. ಅಲ್ಲಿಂದ ಹುಳುವಿನ ಮನೆಯ ಬಾಗಿಲು ನೇರ ಕಾಣುತ್ತದೆ ಅಕ್ಕಾ. ನಾನು ಕೂರುವ ಜಾಗ ಕಾಣುತ್ತದೆ. ಅವಳಿಗೆ ಅವತ್ತು ನಾನು ಕಾಣುತ್ತಿದ್ದೆ. ನನ್ನ ಬೆನ್ನು ಕಾಣುತ್ತಿತ್ತು. ಕೂಗಲು ಬಾಯಿ ಬರದ ಮೇಲೂ ಅವಳು ನನ್ನ ಬೆನ್ನನ್ನೇ ನೋಡುತ್ತಿದ್ದಳು.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಒಂದು ತಟ್ಟೆ ಅಲ್ಲ. ನಿನ್ನ ಗಡಿಯಾರದ ಒಂದು ಗಂಟೆಯೂ ಅಲ್ಲ. ಆ ಬೆನ್ನು ತಿರುಗುವವರೆಗೆ ಎಷ್ಟೋ ಅಷ್ಟು. ನನಗೆ ಅದು ಇಲ್ಲಿ ನಿಂತ ಮೇಲೆ

ತಿರುವಿನಲ್ಲಿ ಬಸ್ಸು. ಕಿಟಕಿಯಲ್ಲಿ ಹಸಿರು ಸೆರಗು, ಅಮ್ಮನ